ಫೈಲ್ ಇಲ್ಲ ಅನ್ನುತ್ತೆ, ಯಾವ ಫೈಲ್ ಅಂತ ಹೇಳಲ್ಲ

ಪ್ರಶ್ನೆ: ರಸ್ಟ್ ಭಾಷೇಲಿ ಬರೆದ ಸರ್ವಿಸ್ ಶುರುವಾಗ್ತಲೇ ಸಾಯುತ್ತೆ. ಲಾಗ್‌ನಲ್ಲಿ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ, ಓಎಸ್ ಎರರ್ 2’, ಅಷ್ಟೇ. ಓಪನ್ ಮಾಡೋ ಫೈಲ್‌ಗಳು ಐದಾರಿವೆ. ಎರರ್‌ಗೆ ವಿವರ ಸೇರಿಸೋಕೆ ನೀವೆಲ್ಲ ಏನು ಮಾಡ್ತೀರಿ?

ತುಕ್ಕು: ಎರರ್‌ಗೆ ವಿವರ ಸುತ್ತೋ ಎನಿಹೌ ಲೈಬ್ರರಿ ಹಾಕಿ, ವಿತ್_ಕಾಂಟೆಕ್ಸ್ಟ್‌ನಲ್ಲಿ ಪಾತ್ (ಫೈಲ್ ಇರೋ ಜಾಗ) ಕೊಡಿ. ಬರೀ ಕಾಂಟೆಕ್ಸ್ಟ್ ಒಳಗೆ ಫಾರ್ಮ್ಯಾಟ್ ಕರೆದ್ರೆ ಎರರ್ ಇಲ್ಲದಿದ್ರೂ ಪ್ರತಿ ಸಲ ಸ್ಟ್ರಿಂಗ್ ಕಟ್ಟುತ್ತೆ. ಇಷ್ಟೆಲ್ಲ ಮಾಡಿ ಪ್ರಿಂಟ್‌ಗೆ ಖಾಲಿ ಬ್ರೇಸ್ ಕೊಟ್ರೆ ಹೊರಗಿನ ಸಾಲೊಂದೇ ಬರುತ್ತೆ, ಮೂಲ ಕಾರಣ ಮಾಯ! ಬ್ರೇಸ್ ಒಳಗೆ ಕೋಲನ್, ಹ್ಯಾಶ್ ಹಾಕಿ. ಒಂದರೊಳಗೊಂದು ಸುತ್ತಿದ ಎರರ್‌ಗಳ ಇಡೀ ಸರಪಳಿ ಒಂದೇ ಸಾಲಲ್ಲಿ ಸಿಗುತ್ತೆ. ನೀವು ಬರೀತಿರೋದೇ ಲೈಬ್ರರಿ ಆದ್ರೆ ಎನಿಹೌ ಬೇಡ, ಸ್ವಂತ ಎನಮ್ (ಎರರ್ ಬಗೆಗಳ ಪಟ್ಟಿ) ಬರೀರಿ.

ಗೋಪ್ರಿಯ: ಗೋ ಭಾಷೇಲಿ ಫೈಲ್ ತೆರೆಯೋ ಓಎಸ್.ಓಪನ್ ಎರರ್‌ನಲ್ಲಿ ತಾನಾಗಿಯೇ ಪಾತ್ ಹೇಳುತ್ತೆ. ಅದರ ಮೇಲೆ ಒಬ್ಬೊಬ್ಬರೂ ಮತ್ತೆ ಪಾತ್ ಸೇರಿಸಿದ್ರೆ ಅದೇ ಪಾತ್ ಮೂರು ಸಲ ಓದಬೇಕು. ಯಾವ ಕೆಲಸದಲ್ಲಿದ್ವಿ ಅಂತ ಮಾತ್ರ ಸೇರಿಸಿ: ‘ಟಿಎಲ್‌ಎಸ್ ಕೀ ಓದುವಾಗ’. ಎರರ್ ಸುತ್ತೋಕೆ 2019ರ ಗೋ 1.13ರಿಂದ ಪರ್ಸೆಂಟ್ ಡಬ್ಲ್ಯೂ ಗುರುತು ಇದೆ. ಪರ್ಸೆಂಟ್ ವಿ ಹಾಕಿದ್ರೆ ಸರಪಳಿ ಅಲ್ಲೇ ಕಡಿಯುತ್ತೆ. ಫೈಲ್ ಇಲ್ಲವಾ ಅಂತ ನೋಡೋ ಹಳೇ ಓಎಸ್.ಇಸ್‌ನಾಟ್‌ಎಕ್ಸಿಸ್ಟ್ ಸುತ್ತಿದ ಎರರ್ ಬಿಚ್ಚಿ ನೋಡಲ್ಲ, ಫಾಲ್ಸ್ ಅಂದುಬಿಡುತ್ತೆ. ಎರರ್ಸ್.ಇಸ್ ಬಳಸಿ.

ತುಕ್ಕು: ಅವರು ಕೇಳಿದ್ದು ರಸ್ಟ್ ಬಗ್ಗೆ, ಗುರುವೇ.

ಹಳೇಸಿ: ಪಾತ್ ಪಾತ್ ಅಂತ ಇಬ್ಬರೂ ಕುಣೀತಿದ್ದೀರಿ. ಸ್ಕ್ರಿಪ್ಟ್ ಕಣ್ಣೆದುರೇ ಇದ್ರೂ ಮೊದಲ ಸಾಲಲ್ಲಿ ಹೆಸರಿಸಿದ ಇಂಟರ್‌ಪ್ರಿಟರ್ (ಅದನ್ನ ಓಡಿಸೋ ಪ್ರೋಗ್ರಾಂ) ಇಲ್ಲದಿದ್ರೆ ಪ್ರೋಗ್ರಾಂ ಶುರು ಮಾಡೋ ಎಕ್ಸೆಕ್ ಕೊಡೋದು ಇದೇ ಎರರ್ 2. ಆ ಸಾಲಿನ ಕೊನೆಗೆ ವಿಂಡೋಸ್‌ನ ಕಾಣದ ಸಾಲು-ಕೊನೆ ಅಕ್ಷರ ಸಿಆರ್ ಅಂಟಿಕೊಂಡಿದ್ರೂ ಅಷ್ಟೇ. ಲಿನಕ್ಸ್‌ನಲ್ಲಿ ಫೈಲ್ ಬದಲಾವಣೆ ಗಮನಿಸೋ ಐನೋಟಿಫೈನ ವಾಚ್ ಮಿತಿ ಮುಗಿದ್ರೆ ಎರರ್ 28, ಅಂದ್ರೆ ‘ಡಿವೈಸ್‌ನಲ್ಲಿ ಜಾಗ ಇಲ್ಲ’. ಡಿಸ್ಕ್ ಜಾಗ ತೋರಿಸೋ ಡಿಎಫ್ ಕಮಾಂಡ್ ನೋಡಿದ್ರೆ ಅರ್ಧ ಡಿಸ್ಕ್ ಖಾಲಿ! ಅದಕ್ಕೇ ಫೇಲ್ ಆದ ಸಿಸ್ಟಮ್ ಕಾಲ್ (ಓಎಸ್‌ಗೆ ಮಾಡಿದ ಕರೆ) ಹೆಸರೂ ಬರೀಬೇಕು. ರಿಲೇಟಿವ್ ಪಾತ್ ಆದ್ರೆ ಕರೆಂಟ್ ಡೈರೆಕ್ಟರಿ ಕೂಡ. ಸಿ ಭಾಷೇಲಿ ಬರೆಯೋರು ಕಾಲ್ ಫೇಲ್ ಆದ ಕೂಡಲೇ ಎರ್ನೋವನ್ನ (ಕೊನೇ ಎರರ್ ನಂಬರ್) ಲೋಕಲ್ ವೇರಿಯಬಲ್‌ಗೆ ಎತ್ತಿಟ್ಟುಕೊಳ್ಳಿ. ಬಣ್ಣ ಹಚ್ಚೋಕೆ ಲಾಗ್ ಲೈಬ್ರರಿ ಔಟ್‌ಪುಟ್ ಹೋಗ್ತಿರೋದು ಟರ್ಮಿನಲ್‌ಗಾ ಅಂತ ನೋಡೋ ಐಎಸ್‌ಎಟಿಟಿವೈ ಕರೆದ್ರೆ ಪರ್ಮಿಷನ್ ಇಲ್ಲ ಅನ್ನೋ 13 ಹೋಗಿ, ಟರ್ಮಿನಲ್ ಅಲ್ಲ ಅನ್ನೋ 25 ಬಂದು ಕೂರುತ್ತೆ. ಪ್ರತಿ ಹಂತದಲ್ಲೂ ಲಾಗ್ ಮಾಡಿ, ಕ್ಷೇಮ.

ಗೋಪ್ರಿಯ: ಪ್ರತಿ ಹಂತದಲ್ಲೂ?! ಒಂದು ತಪ್ಪಿಗೆ ನಾಲ್ಕು ಸಾಲು, ನಾಲ್ಕು ಅಲರ್ಟ್. ಸುತ್ತಿ ಮೇಲಕ್ಕೆ ಕಳಿಸಿ, ಇಲ್ಲ ಲಾಗ್ ಮಾಡಿ. ಎರಡೂ ಮಾಡಬೇಡಿ.

ಹಳೇಸಿ: ನಡುವೆ ರಿಟ್ರೈ ಲೂಪ್ ಇದ್ರೆ? ಮೊದಲ ಎರಡು ಎರರ್ ನುಂಗಿ, ಕೊನೇದು ‘ಟೈಮ್‌ಔಟ್’ ಅಂತ ಮೇಲೆ ಬರುತ್ತೆ. ಸುತ್ತೋಕೆ ಉಳಿದಿರೋದೇನು?

ಗೋಪ್ರಿಯ: ಹಲವು ಎರರ್ ಒಟ್ಟಿಗೆ ಸೇರಿಸೋ ಎರರ್ಸ್.ಜಾಯಿನ್ ಇರೋದು ಅದಕ್ಕೇ. ಗೋ 1.20ರಿಂದ.

ತುಕ್ಕು: ಮತ್ತೆ ಗೋ! ಪ್ರಶ್ನೆ ಕೇಳಿದವರೇ, ಕೋಡ್ ಮುಟ್ಟೋ ಮೊದಲು ಸಿಸ್ಟಮ್ ಕಾಲ್‌ಗಳನ್ನ ತೋರಿಸೋ ಸ್ಟ್ರೇಸ್ ಅಡಿಯಲ್ಲಿ ಓಡಿಸಿ. ಮೈನಸ್ ಎಫ್ ಆಪ್ಷನ್ ಬಿಡಬೇಡಿ, ಬಿಟ್ರೆ ಬೇರೆ ಥ್ರೆಡ್‌ನಲ್ಲಿ ಓಪನ್ ಆದ್ರೆ ಕಾಣಿಸಲ್ಲ. ಸಾಯೋ ಮುಂಚಿನ, ಫೈಲ್ ತೆರೆಯೋ ಕೊನೇ ಓಪನ್‌ಅಟ್‌ಗಳಲ್ಲಿ ಮೈನಸ್ ಒಂದು ಬಂದಿರೋದನ್ನ ಹುಡುಕಿ.