ಸಹಾಯ ಬೇಕು: ಗೋಡೌನ್ ಸ್ವಿಚ್‌ಗೆ ದೂರದಿಂದ ಲಾಗಿನ್ ಆಗುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಸಣ್ಣ ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಬೈಕಂಪಾಡಿ ಗೋಡೌನಿನಲ್ಲಿರುವ ಸಿಸ್ಕೋ 2960 ಸ್ವಿಚ್‌ಗೆ (ನೆಟ್‌ವರ್ಕ್‌ನ ಸಾಧನಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಹಂಪನಕಟ್ಟೆ ಆಫೀಸಿನಿಂದಲೇ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸುರಕ್ಷಿತವಾಗಿ ಒಳಹೋಗುವ ದಾರಿ) ಲಾಗಿನ್ ಆಗುತ್ತೇನೆ.

ಮಳೆ ಶುರುವಾದ ಮೇಲೆ ಲಿಂಕ್ ಆಗಾಗ ಕಟ್ ಆಗುತ್ತಿದೆ. ಆದರೆ ನನ್ನ ಸೆಷನ್ ಸ್ವಿಚ್‌ನಲ್ಲಿ ಹಾಗೇ ಉಳಿದುಬಿಡುತ್ತದೆ. ಐದು ಸಲ ಹೀಗಾದರೆ ಮುಗೀತು, ಮತ್ತೆ ಒಳಗೆ ಬಿಡುವುದಿಲ್ಲ. ನಿನ್ನೆ ಜೋರು ಮಳೆಯಲ್ಲಿ ಕೂಳೂರು ಸೇತುವೆ ದಾಟಿ ಹೋಗಿ, ಸ್ವಿಚ್‌ಗೇ ನೇರವಾಗಿ ನೀಲಿ ಕನ್ಸೋಲ್ ಕೇಬಲ್ ಚುಚ್ಚಿ, ಯಾರು ಲಾಗಿನ್ ಆಗಿದ್ದಾರೆಂದು ನೋಡಲು 'ಶೋ ಯೂಸರ್ಸ್' ಕೊಟ್ಟೆ. ವಿಟಿವೈ (ದೂರದಿಂದ ಲಾಗಿನ್ ಆಗುವವರಿಗೆ ಸ್ವಿಚ್‌ನಲ್ಲಿರುವ ಲೈನ್, ಒಂದರಲ್ಲಿ ಒಂದೇ ಸೆಷನ್) 0ಯಿಂದ 4ರವರೆಗೆ ಐದರಲ್ಲೂ ನನ್ನದೇ ಹೆಸರು! ಒಂದೊಂದಾಗಿ 'ಕ್ಲಿಯರ್ ಲೈನ್' ಮಾಡಿ ಖಾಲಿ ಮಾಡಿದೆ. 5ರಿಂದ 15ರವರೆಗಿನ ಲೈನ್‌ಗಳಲ್ಲಿ ಎಸ್‌ಎಸ್‌ಎಚ್ ಬಿಟ್ಟಿಲ್ಲ, ಅದಕ್ಕೇ ಐದೇ ಜಾಗ.

ಕಾರಣವೂ ಸಿಕ್ಕಿತು. ಹಿಂದೆ ಯಾರೋ 'ಎಕ್ಸೆಕ್ ಟೈಮ್‌ಔಟ್ 0 0' ಇಟ್ಟಿದ್ದಾರೆ. ಅಂದರೆ ಸುಮ್ನೆ ಬಿಟ್ಟರೂ ಸೆಷನ್ ತಾನಾಗಿ ಮುಚ್ಚುವುದೇ ಇಲ್ಲ. ಡಿಫಾಲ್ಟ್ 10 ನಿಮಿಷ ಅಲ್ವಾ, ಅಷ್ಟಕ್ಕೇ ತಂದೆ. ಆ ಕಡೆಯಿಂದ ಉತ್ತರ ಬರದಿದ್ದರೆ ಸ್ವಿಚ್ ಸೆಷನ್ ಮುಚ್ಚಲೆಂದು 'ಸರ್ವಿಸ್ ಟಿಸಿಪಿ ಕೀಪ್‌ಅಲೈವ್ಸ್ ಇನ್' ಕೂಡ ಹಾಕಿದೆ.

ಈಗ ನಿಮ್ಮ ಸಹಾಯ ಬೇಕಾಗಿರುವುದು ಇಲ್ಲಿ. ಆಫೀಸಿನ ಐಪಿಗೆ ಮಾತ್ರ ಲಾಗಿನ್ ಬಿಡುವಂತೆ ವಿಟಿವೈಗೆ 'ಆಕ್ಸೆಸ್ ಕ್ಲಾಸ್' ಹಾಕಬೇಕು, ಅದೂ ಇಲ್ಲಿಂದಲೇ. ಒಂದು ಅಂಕಿ ತಪ್ಪಿದರೂ ನಾನೇ ಹೊರಗುಳಿಯುತ್ತೇನೆ. ಮೊದಲು 'ರಿಲೋಡ್ ಇನ್ 10' (10 ನಿಮಿಷದ ಮೇಲೆ ಸ್ವಿಚ್ ರೀಬೂಟ್ ಆಗುವಂತೆ) ಕೊಟ್ಟು, ಸೇವ್ ಮಾಡದೆ ಬದಲಾಯಿಸಿ, ಸರಿಯಾದರೆ 'ರಿಲೋಡ್ ಕ್ಯಾನ್ಸಲ್' ಮಾಡುವ ದಾರಿ ಗೊತ್ತು; ತಪ್ಪಿದರೆ ರೀಬೂಟ್ ಆಗಿ ಹಳೆಯ ಸೆಟ್ಟಿಂಗೇ ಬರುತ್ತದೆ. ಆದರೆ ಸ್ವಿಚ್ ರೀಬೂಟ್ ಆದರೆ ಗೋಡೌನಿನ ಬಿಲ್ಲಿಂಗ್, ಕ್ಯಾಮೆರಾ ಎಲ್ಲ ನಿಲ್ಲುತ್ತವೆ. ಲೋಡಿಂಗ್ ಹೊತ್ತಿನಲ್ಲಿ ಹಾಗಾದರೆ ಲಾರಿಯವರೆಲ್ಲ ಕಾಯಬೇಕು.

ರೀಬೂಟ್ ಇಲ್ಲದೆ ಇದನ್ನು ಮಾಡಿದವರು ಯಾರಾದರೂ ಇದ್ದೀರಾ? ಮೊದಲು ವಿಟಿವೈ 4ಕ್ಕೆ ಮಾತ್ರ ಹಾಕಿ ನೋಡುವುದು ಸರಿಯೇ? ದಯವಿಟ್ಟು ತಿಳಿಸಿ. ಶನಿವಾರ ರಾತ್ರಿ ಮಾಡಬೇಕೆಂದಿದ್ದೇನೆ.