ರಾತ್ರಿ ಹೊತ್ತು ಸೋಲಾರ್ ಕರೆಂಟ್ ಹೊರಗೆ ಹೋಗುತ್ತಿದೆ ಅನ್ನುತ್ತದೆ ಆ್ಯಪ್! ಏನು ಮಾಡಲಿ?

ಪ್ರಶ್ನೆ (ಪೆರ್ಲದ ಸದಸ್ಯೆ):

ನಮಸ್ಕಾರ ಅಣ್ಣ. ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ತೋಟದ ಮನೆ. ತಾರಸಿ ಮೇಲೆ 5 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ತ್ರೀ ಫೇಸ್, ಬ್ಯಾಟರಿ ಇಲ್ಲ. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ತುಲಾ ತಿಂಗಳ ಸಿಡಿಲಿಗೆ ಡಿಬಿಯಲ್ಲಿ (ಮನೆಯ ಸ್ವಿಚ್ಚು-ಫ್ಯೂಸಿನ ಪೆಟ್ಟಿಗೆ) ಎರಡು ಎಂಸಿಬಿ (ತಾನೇ ಆಫ್ ಆಗುವ ಸುರಕ್ಷಾ ಸ್ವಿಚ್ಚು) ಸುಟ್ಟುಹೋದವು. ವಯರ್‌ಮನ್ ಬಂದು ಸರಿ ಮಾಡಿಕೊಟ್ಟರು. ಆಮೇಲಿಂದ ಮೊಬೈಲ್ ಆ್ಯಪಿನ ಲೆಕ್ಕಕ್ಕೆ ತಲೆಬುಡ ಇಲ್ಲ.

ಮಧ್ಯಾಹ್ನ ಫ್ರಿಜ್ ಬಿಟ್ಟು ಬೇರೇನೂ ಓಡದ ಹೊತ್ತಿನಲ್ಲೂ ಮನೆ 2.6 ಕಿಲೋವ್ಯಾಟ್ ಬಳಸುತ್ತಿದೆ ಅಂತ ತೋರಿಸುತ್ತದೆ. ಆಗ ಸೋಲಾರ್ 3.6 ಕೊಡುತ್ತಿರುತ್ತದೆ, ಹೊರಗೆ, ಅಂದರೆ ಕರೆಂಟ್ ಬೋರ್ಡಿನ ಲೈನಿಗೆ, ಹೋಗುವುದು ಬರೀ 1 ಅನ್ನುತ್ತದೆ. ರಾತ್ರಿ ಎಂಟಕ್ಕೆ ನೋಡಿದರೆ 100 ವ್ಯಾಟ್ ಹೊರಗೆ ಹೋಗುತ್ತಿದೆ ಅನ್ನುತ್ತದೆ. ರಾತ್ರಿ ಎಲ್ಲಿಯ ಬಿಸಿಲು? ಬಿಲ್ಲಿನ ಮಲಯಾಳ ನನಗೆ ಸರಿಯಾಗಿ ಓದಲು ಬರುವುದಿಲ್ಲ. ಮಗಳು ಓದಿದಳು. ಅದಕ್ಕೂ ಆ್ಯಪಿಗೂ ತಾಳೆಯೇ ಇಲ್ಲವಂತೆ.

ಇನ್ನೊಂದು ಮಾತು ಹೇಳಲೇಬೇಕು. ಹಗಲು ಮನೆಯಲ್ಲಿ ಇರುವುದು ಅತ್ತೆ ಒಬ್ಬರೇ. ಇಷ್ಟು ಕರೆಂಟ್ ಹೇಗೆ ಖರ್ಚಾಗುತ್ತದೆ ಅಂತ ನಮ್ಮವರು ಅವರನ್ನೇ ಕೇಳಿದರು. ಈಗ ಅವರು ಫ್ಯಾನ್ ಹಾಕುವುದನ್ನೂ ಬಿಟ್ಟಿದ್ದಾರೆ.

ಉತ್ತರ (ಬದಿಯಡ್ಕದ ಸೋಲಾರ್ ಟೆಕ್ನೀಷಿಯನ್):

ಅಕ್ಕ, ಮೊದಲು ಅತ್ತೆಯವರಿಗೆ ಫ್ಯಾನ್ ಹಾಕಿಕೊಳ್ಳಲು ಹೇಳಿ. ಮಾಮೂಲಿ ಸೀಲಿಂಗ್ ಫ್ಯಾನ್ 75 ವ್ಯಾಟ್ ಆಸುಪಾಸು. ಇಡೀ ಹಗಲು ಓಡಿದರೂ ಒಂದು ಯೂನಿಟ್ ಮುಟ್ಟುವುದಿಲ್ಲ. 2.6 ಕಿಲೋವ್ಯಾಟ್ ಅಂದರೆ ಅಂಥ ಮೂವತ್ತಕ್ಕೂ ಜಾಸ್ತಿ ಫ್ಯಾನ್ ಒಟ್ಟಿಗೆ ಓಡಬೇಕು. ಅವರ ತಪ್ಪು ಇದರಲ್ಲಿ ಏನೂ ಇಲ್ಲ.

ನಿಮ್ಮ ಪ್ಯಾನೆಲ್, ಅದರ ಕರೆಂಟನ್ನು ಮನೆಗೆ ಆಗುವ ಹಾಗೆ ಬದಲಿಸುವ ಇನ್ವರ್ಟರ್ ಎರಡೂ ಸರಿ ಇರುವ ಹಾಗೆ ಕಾಣುತ್ತದೆ. ನನಗೆ ಅನುಮಾನ ಡಿಬಿಯೊಳಗಿನ ಸಿಟಿಗಳ ಮೇಲೆ. ಸಿಟಿ ಅಂದರೆ ವೈರಿನ ಸುತ್ತ ಹಾಕುವ ಸಣ್ಣ ರಿಂಗು. ತ್ರೀ ಫೇಸ್ ಅಂದರೆ ಕರೆಂಟ್ ಮೂರು ವೈರಿನಲ್ಲಿ ಬರುತ್ತದೆ, ಒಂದೊಂದು ಫೇಸಿಗೆ ಒಂದರಂತೆ ರಿಂಗು ಮೂರು ಇರುತ್ತವೆ. ಕರೆಂಟ್ ಬೋರ್ಡಿನ ಲೈನಿನಿಂದ ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಅಂತ ಆ್ಯಪಿಗೆ ಹೇಳುವುದು ಇವೇ. ಮನೆಯ ಬಳಕೆಯನ್ನು ಆ್ಯಪ್ ನೇರವಾಗಿ ಅಳೆಯುವುದಿಲ್ಲ. ಸೋಲಾರ್ ಕೊಟ್ಟದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದು, ಒಳಗೆ ಬಂದದ್ದನ್ನು ಕೂಡಿಸಿ ಹೇಳುತ್ತದೆ. ಹಾಗಾಗಿ ರಿಂಗು ತಪ್ಪಿದರೆ ಮನೆಯ ಬಳಕೆಯೂ ತಪ್ಪುತ್ತದೆ.

ಇವತ್ತು ರಾತ್ರಿ ಎರಡು ಕೆಲಸ ಮಾಡಿ. ಯಾವುದನ್ನೂ ಬಿಚ್ಚುವುದು ಬೇಡ.

ಒಂದು, ಬೋರ್ಡ್ ಮೀಟರಿನ ಕೆಂಪು ದೀಪ ಮಿನುಗುತ್ತದಲ್ವಾ, ಅದನ್ನು ಎಣಿಸಿ. ಒಂದು ಯೂನಿಟಿಗೆ ಎಷ್ಟು ಸಲ ಮಿನುಗಬೇಕು ಅಂತ ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. 800, 1600, 3200 ಹೀಗೆ ಏನಾದರೂ ಇರುತ್ತದೆ. 20 ಸಲ ಮಿನುಗಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದುಕೊಳ್ಳಿ. ಅದೇ ಹೊತ್ತಿಗೆ ಆ್ಯಪ್ ಏನು ಹೇಳುತ್ತದೆ, ಅದನ್ನೂ ಬರೆಯಿರಿ.

ಇನ್ನೊಂದು, ನೀರು ಕಾಯಿಸುವ ಎಲೆಕ್ಟ್ರಿಕ್ ಕೆಟಲ್ ಇದ್ದರೆ ಅದನ್ನು ಬೇರೆ ಬೇರೆ ಕೋಣೆಯ ಪವರ್ ಪ್ಲಗ್ಗಿಗೆ ಹಾಕಿ ನೋಡಿ, ಕೋಣೆಗಳು ಬೇರೆ ಬೇರೆ ಫೇಸಿನಲ್ಲಿ ಇರಬಹುದು. ಪ್ರತಿ ಸಲ ಒಂದೆರಡು ನಿಮಿಷ ಬಿಟ್ಟು ಆ್ಯಪ್ ನೋಡಿ, ಅದು ತಡವಾಗಿ ತೋರಿಸುತ್ತದೆ. ನೀರು ಜಾಸ್ತಿ ಹಾಕಿ, ಕುದಿ ಬಂದು ಕೆಟಲ್ ಆಫ್ ಆದರೆ ಲೆಕ್ಕ ಸಿಗುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಬೇಡ, ಅದು ನಡುನಡುವೆ ತಾನೇ ಆಫ್ ಆಗುತ್ತದೆ.

ಮಂಜೇಶ್ವರದ ಸದಸ್ಯ:

ನಡುವೆ ಕೇಳುತ್ತಿದ್ದೇನೆ, ಬೇಸರ ಮಾಡಬೇಡಿ. ಪ್ಯಾನೆಲ್ ಕೊಟ್ಟದ್ದನ್ನು ಅಳೆಯುವ ನನ್ನ ಸೋಲಾರ್ ಮೀಟರ್ 400 ಯೂನಿಟ್ ತೋರಿಸಿದೆ, ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ಅಳೆಯುವ ಬೋರ್ಡಿನ ನೆಟ್ ಮೀಟರಿನಲ್ಲಿ ಎಕ್ಸ್‌ಪೋರ್ಟ್ (ಹೊರಗೆ ಹೋದದ್ದು) 260 ಮಾತ್ರ. 140 ಯೂನಿಟ್ ಎಲ್ಲಿ ಹೋಯಿತು?

ಉತ್ತರ:

ನಿಮ್ಮ ಮನೆಯೊಳಗೇ ಹೋಯಿತು. ಹಗಲು ಮಿಕ್ಸಿ, ಫ್ರಿಜ್, ಪಂಪು ಎಲ್ಲ ಮೊದಲು ಸೋಲಾರ್ ಕರೆಂಟನ್ನೇ ಬಳಸುತ್ತವೆ. ಉಳಿದದ್ದು ಮಾತ್ರ ನೆಟ್ ಮೀಟರ್ ದಾಟಿ ಹೊರಗೆ ಹೋಗುತ್ತದೆ. ಆ 140 ನೀವು ದುಡ್ಡು ಕೊಡದೆ ಬಳಸಿದ ಕರೆಂಟ್. ಏನೂ ಕಳೆದುಹೋಗಿಲ್ಲ.

ಪೆರ್ಲದ ಸದಸ್ಯೆ:

ಅಣ್ಣ, ಮಗಳೂ ನಾನೂ ಸೇರಿ ಮಾಡಿದೆವು. ಮೀಟರ್ ಮೇಲೆ 1600 ಅಂತ ಇದೆ. 20 ಸಲ ಮಿನುಗಲು 41 ಸೆಕೆಂಡ್ ಹಿಡಿಯಿತು. ಆಗಲೂ ಆ್ಯಪಿನಲ್ಲಿ 100 ವ್ಯಾಟ್ ಹೊರಗೆ ಅಂತಲೇ ಇತ್ತು. ಕೆಟಲ್ 1500 ವ್ಯಾಟಿನದು. ಅಡುಗೆಮನೆಯಲ್ಲಿ ಹಾಕಿದಾಗ 1.4 ಕಿಲೋವ್ಯಾಟ್ ಒಳಗೆ ಅಂತ ಬಂತು. ಚಾವಡಿಯಲ್ಲೂ ಅಷ್ಟೇ. ಅತ್ತೆಯ ಕೋಣೆಯಲ್ಲಿ ಹಾಕಿದಾಗ 1.6 ಹೊರಗೆ ಅಂತ ತೋರಿಸಿತು! ಇದು ಹೇಗೆ?

ಉತ್ತರ:

ಅಕ್ಕ, ತುಂಬಾ ಚೆನ್ನಾಗಿ ಅಳೆದಿದ್ದೀರಿ. ಇನ್ನು ಅನುಮಾನ ಉಳಿದಿಲ್ಲ.

ಮೊದಲು ದೀಪದ ಲೆಕ್ಕ. 1600 ಸಲಕ್ಕೆ ಒಂದು ಯೂನಿಟ್. 41 ಸೆಕೆಂಡಿಗೆ 20 ಅಂದರೆ ಗಂಟೆಗೆ ಸುಮಾರು 1756 ಸಲ. ಅದನ್ನು 1600ರಿಂದ ಭಾಗಿಸಿದರೆ 1.1 ಕಿಲೋವ್ಯಾಟ್. ಆಗ ಮನೆ ನಿಜವಾಗಿ ಎಳೆಯುತ್ತಿದ್ದದ್ದು ಅಷ್ಟು.

ಕೆಟಲ್ ಹಾಕಿದರೆ ಮನೆಗೆ ಇನ್ನೂ 1.5 ಒಳಗೆ ಬರಬೇಕು. ಅಡುಗೆಮನೆ, ಚಾವಡಿ ಎರಡರಲ್ಲೂ ಆ್ಯಪ್ 0.1 ಹೊರಗೆ ಇದ್ದದ್ದು 1.4 ಒಳಗೆ ಆಗಿದೆ, ಅಂದರೆ ಸರಿಯಾಗಿ 1.5 ಏರಿದೆ. ಅತ್ತೆಯ ಕೋಣೆಯಲ್ಲಿ ಅಷ್ಟೇ ಉಲ್ಟಾ ಹೋಗಿದೆ. ಅಂದರೆ ಆ ಫೇಸಿನ ರಿಂಗು ತಿರುಗುಮುರುಗಾಗಿ ಕೂತಿದೆ. ಎಂಸಿಬಿ ಬದಲಿಸುವಾಗ ರಿಂಗು ತೆಗೆದು ಮತ್ತೆ ಹಾಕಿರಬೇಕು. ರಿಂಗಿನ ಮೇಲೆ ಒಂದು ಬಾಣದ ಗುರುತು ಇರುತ್ತದೆ, ಗಡಿಬಿಡಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ.

ನಿಮ್ಮ ಎಲ್ಲ ಅಂಕಿಯೂ ಈಗ ಸರಿಹೊಂದುತ್ತವೆ, ನೋಡಿ. ಆ 1.1ರಲ್ಲಿ ಅತ್ತೆಯ ಕೋಣೆಯ ಫೇಸಿನಲ್ಲಿ 0.6, ಉಳಿದ ಎರಡರಲ್ಲಿ ಸೇರಿ 0.5 ಇತ್ತು ಅಂತಾಯಿತು. 0.6 ಉಲ್ಟಾ ಆದ್ದರಿಂದ ಆ್ಯಪ್ 0.1 ಹೊರಗೆ ಅಂದಿತು. ಮಧ್ಯಾಹ್ನ ಇನ್ವರ್ಟರ್ ಒಂದೊಂದು ಫೇಸಿಗೆ 1.2 ಕೊಡುತ್ತದೆ. ಫ್ರಿಜ್ಜಿಗೆ 0.2 ಹೋದರೆ ಹೊರಗೆ ಹೋಗುವುದು 3.4. ಅದರಲ್ಲಿ ಒಂದು ಫೇಸಿನ 1.2 ಉಲ್ಟಾ ಲೆಕ್ಕವಾದರೆ, ಉಳಿದೆರಡರ 2.2ಕ್ಕೆ ಅದು ಕೂಡುವ ಬದಲು ಕಳೆದು 1 ಆಗಿ ಕಾಣುತ್ತದೆ. ಉಳಿದ 2.6 ಮನೆಯ ತಲೆ ಮೇಲೆ, ಪಾಪ ಅತ್ತೆಯವರ ತಲೆ ಮೇಲೆ ಬಿತ್ತು.

ಬೇರೆಯವರೂ ಇದನ್ನು ನೆನಪಿಡಿ. ಕೆಟಲ್ ಹಾಕಿದಾಗ ಪೂರ್ತಿ ಉಲ್ಟಾ ಬಂದರೆ ರಿಂಗು ತಿರುಗಿದೆ. 1500ರ ಬದಲು ಸುಮಾರು 750 ಉಲ್ಟಾ ಬಂದರೆ ರಿಂಗು ಬೇರೆ ಫೇಸಿನ ವೈರಿಗೆ ಹೋಗಿದೆ. ಫೇಸಿಗೂ ಫೇಸಿಗೂ 120 ಡಿಗ್ರಿ ಅಂತರ ಇರುವುದರಿಂದ ಅರ್ಧ ಕಾಣುತ್ತದೆ. ದಿಕ್ಕು ಸರಿ ಇದ್ದು ಅಂಕಿ ಮಾತ್ರ ತೀರಾ ಕಡಿಮೆ ಬಂದರೆ ರಿಂಗಿನ ಬಾಯಿ ಪೂರ್ತಿ ಮುಚ್ಚಿಲ್ಲ, ಇಲ್ಲವೇ ಸೆಟ್ಟಿಂಗಿನಲ್ಲಿ ಸಿಟಿ ರೇಶಿಯೋ (ರಿಂಗು ಅಳೆದದ್ದನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಅಂಕಿ) ತಪ್ಪಿದೆ.

ಇದನ್ನು ನೀವೇ ಸರಿ ಮಾಡಲು ದಯವಿಟ್ಟು ಹೋಗಬೇಡಿ. ಮೇನ್ ಆಫ್ ಮಾಡಿದರೂ ಬೋರ್ಡ್ ಮೀಟರಿನಿಂದ ಮೇನ್ ಸ್ವಿಚ್ಚಿನವರೆಗಿನ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬಿಸಿಲಿರುವಾಗ ಪ್ಯಾನೆಲಿನಿಂದ ಬರುವ ಡಿಸಿ ವೈರಿನಲ್ಲೂ ಇರುತ್ತದೆ. ಕೆಲವು ಸಿಟಿಗಳ ಸಣ್ಣ ವೈರನ್ನು ಲೋಡ್ ಇರುವಾಗ ಬಿಚ್ಚಿದರೆ ಅದರ ತುದಿಯಲ್ಲಿ ಅಪಾಯದ ವೋಲ್ಟೇಜ್ ಬರುತ್ತದೆ. ಸೋಲಾರ್ ಹಾಕಿದವರನ್ನೇ ಕರೆಸಿ, ಅತ್ತೆಯ ಕೋಣೆಯ ಫೇಸಿನ ರಿಂಗು ಉಲ್ಟಾ ಆಗಿದೆ ಅಂತ ಈ ಅಂಕಿಗಳನ್ನು ತೋರಿಸಿ. ಹತ್ತು ನಿಮಿಷದ ಕೆಲಸ.

ನಿಮ್ಮಲ್ಲಿ ಬ್ಯಾಟರಿ ಇಲ್ಲದ್ದು ಒಳ್ಳೆಯದಾಯಿತು. ಹೈಬ್ರಿಡ್ ಇನ್ವರ್ಟರ್ ಆಗಿದ್ದರೆ ಅದು ಈ ರಿಂಗಿನ ಮಾತು ಕೇಳಿಯೇ ಬ್ಯಾಟರಿ ತುಂಬಿಸುತ್ತದೆ, ಖಾಲಿ ಮಾಡುತ್ತದೆ. ಆಗ ನಷ್ಟ ನಿಜವಾಗಿಯೂ ಆಗುತ್ತದೆ. ನಿಮ್ಮ ಬಿಲ್ಲಿಗೆ ಏನೂ ಆಗಿಲ್ಲ, ಅದು ಬೋರ್ಡಿನ ಮೀಟರ್ ಮೇಲೆ ನಡೆಯುತ್ತದೆ.

ಮುಳ್ಳೇರಿಯದ ಸದಸ್ಯ:

ನಮ್ಮ ಆ್ಯಪಿನಲ್ಲಿ ಉತ್ಪಾದನೆ ಸೋಲಾರ್ ಮೀಟರಿಗಿಂತ ನೂರಕ್ಕೆ ಮೂರರಷ್ಟು ಬೇರೆ ಬರುತ್ತದೆ. ಕೆಲವು ದಿನ ಗ್ರಾಫಿನಲ್ಲಿ ಎರಡು ಗಂಟೆ ಖಾಲಿಯೇ ಇರುತ್ತದೆ.

ಉತ್ತರ:

ಮೂರು ಪರ್ಸೆಂಟಿಗೆ ಚಿಂತೆ ಬೇಡ. ಇನ್ವರ್ಟರಿನ ಒಳಗಿನ ಅಳತೆ ಬಿಲ್ಲಿಗಾಗಿ ಮಾಡಿದ್ದಲ್ಲ. ಗ್ರಾಫ್ ಖಾಲಿ ಆಗುವುದು ವೈಫೈ ತೊಂದರೆ. ನಮ್ಮ ಮುರಕಲ್ಲಿನ ಗೋಡೆ ದಪ್ಪ, ಎರಡು ಗೋಡೆ ದಾಟುವಾಗ ಸಿಗ್ನಲ್ ಬೀಳುತ್ತದೆ. ಸೋಲಾರಿನ ಹೆಚ್ಚಿನ ವೈಫೈ ಸ್ಟಿಕ್‌ಗಳಿಗೆ ರೌಟರಿನ 2.4 ಗಿಗಾಹರ್ಟ್ಸ್ ಮಾತ್ರ ಆಗುತ್ತದೆ, ಅದು ಆನ್ ಇದೆಯಾ ನೋಡಿ. ದಿನದ ಒಟ್ಟು ಯೂನಿಟ್ ಇನ್ವರ್ಟರ್ ತಾನೇ ಎಣಿಸಿ ಇಟ್ಟಿರುತ್ತದೆ.

ಪೆರ್ಲದ ಸದಸ್ಯೆ (ಒಂದು ವಾರದ ನಂತರ):

ಅಣ್ಣ, ನೀವು ಹೇಳಿದ ಹಾಗೆಯೇ ಆಯಿತು. ಒಂದು ರಿಂಗಿನ ಬಾಣ ಉಲ್ಟಾ ಇತ್ತು, ತಿರುಗಿಸಿ ಹಾಕಿದರು. ಈಗ ರಾತ್ರಿ ಸರಿಯಾಗಿ ಒಳಗೆ ಅಂತಲೇ ತೋರಿಸುತ್ತದೆ. ನಿನ್ನೆ ಬೆಳಿಗ್ಗೆ 7ರಿಂದ ಇವತ್ತು ಬೆಳಿಗ್ಗೆ 7ರವರೆಗೆ ಮೀಟರನ್ನೂ ಆ್ಯಪನ್ನೂ ಒಟ್ಟಿಗೆ ಬರೆದಿಟ್ಟೆ. ಎಕ್ಸ್‌ಪೋರ್ಟ್ ಎರಡರಲ್ಲೂ 14. ಆದರೆ ಇಂಪೋರ್ಟ್ ಮೀಟರಿನಲ್ಲಿ 6.1, ಆ್ಯಪಿನಲ್ಲಿ 5. ಇನ್ನೂ ಒಂದು ಯೂನಿಟ್ ವ್ಯತ್ಯಾಸ ಯಾಕೆ?

ಉತ್ತರ:

ಎಕ್ಸ್‌ಪೋರ್ಟ್ ಸರಿ ಬಂದು ಇಂಪೋರ್ಟ್ ಮಾತ್ರ ಕಡಿಮೆ ಬಂದರೆ, ಬಿಸಿಲಿಲ್ಲದ ಹೊತ್ತಿನಲ್ಲಿ ರಿಂಗಿನ ಕಣ್ಣು ತಪ್ಪಿಸಿ ಏನೋ ಓಡುತ್ತಿದೆ. ಬಾವಿಯ ಪಂಪು ಎಷ್ಟು ಹೊತ್ತಿಗೆ ಹಾಕುತ್ತೀರಿ? ರಾತ್ರಿ ಅದನ್ನು ಆನ್ ಮಾಡಿ ಮೀಟರಿನ ದೀಪ ನೋಡಿ. ದೀಪ ಜೋರಾಗಿ ಮಿನುಗಿಯೂ ಆ್ಯಪ್ ಅಲುಗದಿದ್ದರೆ ಪಂಪಿನ ವೈರ್ ರಿಂಗಿಗಿಂತ ಮೊದಲೇ ಕವಲೊಡೆದಿದೆ.

ಪೆರ್ಲದ ಸದಸ್ಯೆ:

ಹೌದು ಅಣ್ಣ! ಪಂಪು ಹಾಕಿದರೆ ಆ್ಯಪಿಗೆ ಗೊತ್ತೇ ಆಗುವುದಿಲ್ಲ. ಹಳೆಯ ವೈರಿಂಗಿನಲ್ಲಿ ಮೇನ್ ಸ್ವಿಚ್ಚಿನಿಂದಲೇ ಬಾವಿಗೆ ಬೇರೆ ವೈರ್ ಎಳೆದಿದ್ದಾರೆ. ಒಂದು ಎಚ್‌ಪಿ ಪಂಪು, ಬೆಳಿಗ್ಗೆ 5 ಗಂಟೆಗೆ ಒಂದು ಗಂಟೆ ಓಡುತ್ತದೆ.

ಉತ್ತರ:

ಅಲ್ಲಿಗೆ ನಿಮ್ಮ ಒಂದು ಯೂನಿಟ್ ಸಿಕ್ಕಿತು. ತೋಟದ ಪಂಪಿಗೆ ಬೇರೆ ಕನೆಕ್ಷನ್ ಇದ್ದರೆ ಅದನ್ನು ಇದಕ್ಕೆ ಸೇರಿಸಬೇಡಿ, ಅದರ ಮೀಟರೇ ಬೇರೆ. ಬಾವಿ ಪಂಪಿನ ವೈರನ್ನು ಮುಂದೆ ಯಾವಾಗಲಾದರೂ ಡಿಬಿಗೆ ತರಿಸಿ. ಅದಕ್ಕೆಂದೇ ಈಗ ಖರ್ಚು ಮಾಡುವುದು ಬೇಡ, ಅಲ್ಲಿಯವರೆಗೆ ಆ್ಯಪಿಗೆ ದಿನಕ್ಕೆ ಒಂದು ಯೂನಿಟ್ ಕೂಡಿಸಿ ಓದಿ. ಡಿಬಿಯ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ: ಯಾವ ರಿಂಗು ಯಾವ ಫೇಸಿಗೆ, ಬಾಣ ಯಾವ ಕಡೆಗೆ. ಮುಂದಿನ ಸಿಡಿಲಿಗೆ ಯಾರು ಬಂದು ಬಿಚ್ಚಿದರೂ ಅದನ್ನು ನೋಡಿಯೇ ಹಾಕಲಿ.

ಪೆರ್ಲದ ಸದಸ್ಯೆ:

ಚೀಟಿ ಇವತ್ತೇ ಅಂಟಿಸುತ್ತೇನೆ. ನಿಮ್ಮ ಮೊದಲ ಉತ್ತರವನ್ನು ನಮ್ಮವರು ಅತ್ತೆಗೆ ಓದಿ ಹೇಳಿದರು. ಈಗ ಮಧ್ಯಾಹ್ನ ಫ್ಯಾನ್ ಓಡುತ್ತಿದೆ ಅಣ್ಣ.