ಸಹಾಯ ಬೇಕು: ಬಹುಸಂವೇದನಾ ನಾಟಕದ ಅನುಭವ ಇರುವವರಿದ್ದೀರಾ?

ತೀವ್ರ ಬಹುವಿಧ ಅಂಗವೈಕಲ್ಯವಿರುವ ಆರು ಮಕ್ಕಳಿಗಾಗಿ ಮಳೆಯ ಕುರಿತು ಪುಟ್ಟ ಬಹುಸಂವೇದನಾ ನಾಟಕ, ಅಂದರೆ ಸ್ಪರ್ಶ, ವಾಸನೆ, ಕಂಪನಗಳ ಮೂಲಕವೂ ಅನುಭವಿಸುವ ನಾಟಕ, ಕಟ್ಟುತ್ತಿದ್ದೇವೆ. ಲಂಡನ್ನಿನ ಆಯಿಲಿ ಕಾರ್ಟ್ ನಾಟಕ ತಂಡ ಚಿಕಿತ್ಸಾ ಕೊಳದ ನೀರಿನಲ್ಲೂ ಟ್ರ್ಯಾಂಪೊಲಿನ್ ಮೇಲೂ ಇಂಥ ಪ್ರಯೋಗ ಮಾಡಿದೆ. ನಮ್ಮ ಆಸೆ ಅಷ್ಟು ದೊಡ್ಡದಲ್ಲ. ಪ್ರತಿ ಮಗುವಿಗೂ ಒಬ್ಬ ನಟ, ಅಂಗೈ ಮೇಲೆ ಬೆಚ್ಚಗಿನ ನೀರಿನ ಹನಿ, ಒದ್ದೆ ಮಣ್ಣಿನ ವಾಸನೆ, ಗಾಲಿಕುರ್ಚಿಯ ಹಲಗೆಗೆ ತಾಗಿಸಿದ ಡೋಲಿನ ಕಂಪನ.

ಒಂದು ಮಗುವಿಗೆ ಅಪಸ್ಮಾರ (ಮೂರ್ಛೆರೋಗ) ಇದೆ, ಹಾಗಾಗಿ ಮಿಂಚಿನ ದೀಪ ಕೈಬಿಟ್ಟೆವು. ಹಠಾತ್ ಸದ್ದಿಗೂ ಆ ಮಗು ಬೆಚ್ಚುತ್ತದೆ. ಗುಡುಗನ್ನು ಹೇಗೆ ತರುವುದು?

ಇನ್ನೊಂದು ದೊಡ್ಡ ತೊಡಕು ಮಗುವಿನ ಪ್ರತಿಕ್ರಿಯೆಗಾಗಿ ಕಾಯುವುದು. ಬೆರಳೊಂದು ಅಲುಗಲು ಕೆಲವೊಮ್ಮೆ ನಿಮಿಷವೇ ಬೇಕು. ನಮ್ಮ ನಟರೋ, ಮಾತು ಮರೆತವರಂತೆ ಗಾಬರಿಬಿದ್ದು ಮುಂದಿನ ದೃಶ್ಯಕ್ಕೆ ಓಡುತ್ತಾರೆ! ಅವರನ್ನು ಪಳಗಿಸುವುದು ಹೇಗೆ? ಪೋಷಕರು, ಚಿಕಿತ್ಸಕರು, ರಂಗಕರ್ಮಿಗಳು ದಯವಿಟ್ಟು ಬರೆಯಿರಿ.